ಮೈಬಣ್ಣದ ಡಬ್ಬಿ

ನಲವತ್ತು ವರ್ಷ ಖಡೇಬಜಾರದಾಗ ಬೋರ್ಡು ಬರದಾಂವ ನಾನು.
ಕುಂದಾ ಅಂಗಡಿ, ಸೀರಿ ಅಂಗಡಿ, ಗೆದ್ದ ಮಂದಿ, ಸೋತ ಮಂದಿ,
ಸತ್ತ ಮ್ಯಾಲ ಚೌಕಟ್ಟು ಸೇರೋ ಹಿರ್ಯಾರು,
ಎಲ್ಲಾರಿಗೂ ಒಂದ ಡಬ್ಬಿ. ಮ್ಯಾಲ ಚೀಟಿ: ಮೈಬಣ್ಣ.
ಯಾರ ಮೈ ಅಂತ
ನಾನೂ ಕೇಳಿಲ್ಲ, ಡಬ್ಬಿನೂ ಹೇಳಿಲ್ಲ.

ಖಾನಾಪುರದಾಚೆ ಕಾಡಂಚಿನ ಸಾಲಿ.
ಗ್ವಾಡಿಗೆ ಆರು ವೀರ ಹೆಣ್ಣಮಕ್ಕಳು ಬೇಕಂದ್ರು ಹೆಡ್‌ಮಾಸ್ತರು.
ಐದು ಸಲೀಸ. ಕುದರಿ, ಕತ್ತಿ, ಮೂಗುತಿ,
ಕಣ್ಣು ಮುಚ್ಚಿ ಬರೀತೀನಿ.
ಆರನೇದು ನತಾಲಿನಗ ಬಿಟ್ಟೆ.
ಸಿದ್ದಿ ಓಣಿಯ ಹುಡುಗಿ, ಬ್ರಶ್ ತೊಳೀಲಿಕ್ಕೆ ಬಂದಾಕಿ,
ಈಗ ನನಗಿಂತ ಚಂದ ಕಣ್ಣು ಬರೀತಾಳ.

"ಇಕಿದು ಫೋಟೋ ಎಲ್ಲೂ ಇಲ್ಲ ಮಾಮಾ," ಅಂದ್ಲು.
ದಫ್ತರದಾಗ ಇಲ್ಲ. ಕಲ್ಲಿನ್ಯಾಗ ಇಲ್ಲ.
ಬಿಸಿಯೂಟದ ಮರ್ಸೆಲಿನಬಾಯಿ
ಬ್ಯಾಳಿ ತಿರುವಿಕೋತ ಹೇಳಿದ್ದಷ್ಟ:
ಹಡಗಿನಿಂದ ಇಳಿಸಿ ಮಾರಿದ್ರಂತ.
ಒಂದ ರಾತ್ರಿ ತನ್ನ ಮಂದಿನ್ನ ಕರಕೊಂಡು ಘಟ್ಟಾ ಹತ್ತಿದ್ಲಂತ.
ಮಹದಾಯಿ ದಾಟುವಾಗ ಬೆನ್ನ ಹಿಂದ ಬಂದೂಕು,
ಅಳಬಾರ್ದಂತ
ಒಂದೊಂದು ಕೂಸಿನ ಬಾಯಾಗ ಒಂದೊಂದು ಬೆಲ್ಲದ ಚೂರು.
ಹೆಸರು?
"ಹೆಸರ ಹೊಳ್ಯಾಗ ಬಿತ್ತು. ಬೆಲ್ಲ ಉಳೀತು."

ನತಾಲಿನ ನನ್ನ ಡಬ್ಬಿ ಮುಟ್ಟಲಿಲ್ಲ.
ಕಾವಿ, ನೀಲಿ, ಹೊಗಿಮಸಿ, ಚೂರು ಕೆಂಪು,
ತನ್ನ ಮುಂಗೈ ಮ್ಯಾಲ ಹಚ್ಚಿ ಹಚ್ಚಿ ನೋಡಿದ್ಲು
ಹಚ್ಚಿದ್ದು ಕಾಣದಂಗ ಆಗೂತನಕ.
ಎದುರಿಗೆ ಕುಂತಾಕಿ ಮರ್ಸೆಲಿನಬಾಯಿ,
ಗಳಿಗಿಗೊಮ್ಮೆ ಒಲಿ ಕಡೆ ಹೊಳ್ಳಿ ನೋಡುವಾಕಿ,
ಹಂಗಾಗಿ ಚಿತ್ರದಾಗೂ ಕುತ್ತಿಗಿ ಒಂಚೂರು ಹೊಳ್ಳೇತಿ.
ಬೆನ್ನ ಹಿಂದ ಯಾರೋ ಬರಾಕತ್ತಾರ ಅನ್ನೋಹಂಗ.

ಹೆಡ್‌ಮಾಸ್ತರು ಬಂದು ನಿಂತ್ರು. ಒಳ್ಳೆ ಮನಷ್ಯಾ.
"ಸ್ವಲ್ಪ ತಿಳಿ ಮಾಡವಾ. ಈ ಗ್ವಾಡಿ ಮ್ಯಾಲ ಕಾಣಂಗಿಲ್ಲ."
ನಾನು ತಲಿ ಆಡಿಸಿಬಿಟ್ಟಿದ್ದೆ. ರೂಢಿ.
ಆಕಿ ಅಂದ್ಲು: "ಗ್ವಾಡಿ ಬದಲ ಮಾಡೋಣ್ರಿ ಸರ."

ಸಂಜಿತನಕ ಅರಿಷಿಣ ಬಣ್ಣ ಬಡದ್ವಿ,
ಮುಖದ ಸುತ್ತ, ನಳದ ಮ್ಯಾಲ, ಕಿಡಕಿ ಮಟ.

ಮರುದಿನ ಹುಡುಗ್ರ ಗದ್ದಲ.
ಎಲ್ಲಾರ ಕೈಯಾಗ ಕತ್ತಿ ಐತಿ, ಇಕಿ ಮುಟಿಗ್ಯಾಗ ಏನೈತಿ?
ಬೆಲ್ಲ ಅಂದ್ಲು ನತಾಲಿನ.
ಒಂದನೇತ್ತಾದ ಪೋರಿಯೊಂದು ಗ್ವಾಡಿಗೆ ಮೂಗು ಹಚ್ಚಿ
"ಸುಳ್ಳ, ಬರೇ ಪೇಂಟಿನ ವಾಸನಿ," ಅಂತು.

ಕಡೀ ಬಸ್ಸಿಗೆ ಬೆಳಗಾವಿಗೆ ಬಂದೆ.
ಪಡಸಾಲ್ಯಾಗ ಅವ್ವನ ಚಿತ್ರ, ನಾನ ಬರದದ್ದು:
ಗುಲಾಬಿ ಗಲ್ಲ, ಗೋದಿ ಮೈ.
ನಮ್ಮವ್ವ ಎರಿಹೊಲದಂಥಾ ಕರಿಯಾಕಿ.
ಹದಿನಾರು ವರ್ಷ ಹಾರ ಹಾಕೀನಿ,
ಯಾರಿಗೆ?

ಮೊಳಿಯಿಂದ ಇಳಿಸಿ ಗ್ವಾಡಿಗೆ ಆನಿಸಿ ಇಟ್ಟೀನಿ.
ಸೋಮವಾರ ನತಾಲಿನ ಬರ್ತಾಳ.
ಹೊಗಿಮಸಿ ಎಷ್ಟು, ಕಾವಿ ಎಷ್ಟು, ಕೇಳಬೇಕು.
ನೋಡಿ ಕಲಸಾಕ ಅವ್ವ ಇಲ್ಲ ಅಂದ್ಕೊಂಡಿದ್ದೆ.
ಅಂಗಿ ತೋಳು ಮಡಚಿದೆ.
ಮುಂಗೈ ಇಲ್ಲೇ ಐತಿ.