ಮೊದಲ ಎರಡು ಟಿಕೆಟು

ಗೋಡೆಗೆ ಬೆಳಕು ಬಿಟ್ಟು ಕಾರವಾರ ತೋರಿಸಿದಳು
ಹುಬ್ಬಳ್ಳಿಯಿಂದ ಬಂದ ಹುಡುಗಿ, ಇಂಜಿನಿಯರು.
ಇಸವಿ ಎರಡು ಸಾವಿರದ ನಲವತ್ತೈದು.
ಕಾಳಿ ನದಿ ನೀಲಿ, ಹೆದ್ದಾರಿ ಕೆಂಪು,
ಊರು ಮಾತ್ರ ಹಳದಿ, ಚೆಲ್ಲಿದ ಸಾರಿನ ಹಾಗೆ
ಶಿರವಾಡ ದಾಟಿ, ಬಿಣಗಾದ ಏರು ಹತ್ತಿ
ಇನ್ನೂ ಹರಿಯುತ್ತಲೇ ಇತ್ತು.

ನನ್ನನ್ನು ಕರೆದದ್ದು ಹಳಬನೆಂದು.
ದತ್ತಾರಾಮ ತಳೇಕರ, ನಿವೃತ್ತ ಕಂಡಕ್ಟರು.
ಚಹಾ ಕೊಟ್ಟು ಮುಂದಿನ ಸಾಲಲ್ಲಿ ಕೂರಿಸಿದರು.
ಮೂವತ್ತೊಂದು ವರ್ಷ ನಿಂತೇ ಊರು ಸುತ್ತಿದವನಿಗೆ
ಕುರ್ಚಿಯಿಂದ ಊರು ಕಾಣುವುದು ಕಷ್ಟ.

'ಆಂಬೆಬಾಗದ ಗೆರೆ ನೋಡಿ' ಎಂದಳು.
'ಮೊದಲ ತಿಂಗಳಿಂದಲೇ ಬೇಡಿಕೆ.
ಒಂದು ದಿನವೂ ಸೊನ್ನೆಯಿಲ್ಲ.
ಅದಕ್ಕೇ ಅಲ್ಲಿ ಹೊಸ ಡಿಪೋ, ಹತ್ತು ನಿಮಿಷಕ್ಕೊಂದು ಬಸ್ಸು.'
ಎಲ್ಲರೂ ತಲೆಯಾಡಿಸಿದರು.
ನನ್ನ ಚಹಾ ಗಂಟಲಲ್ಲೇ ನಿಂತಿತು.

ಮೇಡಂ,
ಆ ಸೊನ್ನೆ ಇಲ್ಲದ್ದು ನನ್ನ ಕಿತಾಪತಿ.
ರಾತ್ರಿ ಏಳೂ ನಲವತ್ತರ ಟ್ರಿಪ್ಪು.
ನಾನು, ಡ್ರೈವರು ಹುಸೇನಸಾಬ, ಒಂದು ಸ್ಟೆಪ್ನಿ.
ಖಾಲಿ ಓಡಿದರೆ ರದ್ದು ಎಂದಿತ್ತು ಸುತ್ತೋಲೆ.
ದಿನಾ ಎರಡು ಟಿಕೆಟು ಹರಿದೆ, ಕೊನೇ ಸ್ಟಾಪಿನದ್ದು,
ನನ್ನ ಎಡ ಜೇಬಿನಿಂದ ನಿಗಮದ ಚೀಲಕ್ಕೆ.
ಮನೆಯಲ್ಲಿ ಲೆಕ್ಕ ಕೇಳಿದರೆ ಬೀಡಿ ಎಂದೆ.
ಬೀಡಿ ಬಿಡಿ ಎಂದು ಹೆಂಡತಿ ಏಳು ತಿಂಗಳು ಜಗಳಾಡಿದಳು,
ನಾನು ಸೇದಿದ್ದೇ ಇಲ್ಲ.

ಯಾಕೆ ಅಂದರೆ ಏನು ಹೇಳಲಿ?
ಕೊನೇ ತಿರುವಿನಲ್ಲಿ ಬುದವಂತಿಯ ಮನೆ.
ಒಂದು ದಿನ ಬಸ್ಸು ಹತ್ತಿದವಳಲ್ಲ.
ನಮ್ಮ ದೀಪ ಗೋಡೆಗೆ ಬಿದ್ದರೆ
ಎದ್ದು ಎಸರಿಗೆ ಅಕ್ಕಿ ಹಾಕುತ್ತಿದ್ದಳು.
ನಾವು ತಡವಾದ ದಿನ ಆ ಕೇರಿಗೆಲ್ಲ ಊಟ ತಡ.
ಅವಳ ಅನ್ನಕ್ಕೆ ಕಾಲಂ ಇರಲಿಲ್ಲ
ನನ್ನ ವೇಬಿಲ್ಲಿನಲ್ಲಿ.

ಎಂಟನೇ ತಿಂಗಳು
ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಗೌಂಡಿ ಹತ್ತಿದ,
ಕೈಯಲ್ಲಿ ತೂಗುಗುಂಡು, ಮೊಣಕೈವರೆಗೆ ಸಿಮೆಂಟು.
'ಆಂಬೆಬಾಗ ಒಂದು.'
ನಂಬಿಕೆ ಬರಲಿಲ್ಲ, ಎಲ್ಲಿಗೆ ಅಂತ ಮತ್ತೆ ಕೇಳಿದೆ.
ರಾತ್ರಿ ಬಸ್ಸಿದೆಯೆಂದೇ ಅಲ್ಲಿ ಎರಡು ಗುಂಟೆ ಹಿಡಿದಿದ್ದನಂತೆ.
ಅವನ ಹಿಂದೆ ತಮ್ಮ, ತಮ್ಮನ ಹೆಂಡತಿ,
ಆಸ್ಪತ್ರೆಯ ರಾತ್ರಿಪಾಳಿಯ ಒಬ್ಬಳು,
ಆಮೇಲೆ ಮೀನಿನ ಬುಟ್ಟಿ, ಬುಟ್ಟಿಯ ಜಗಳ,
ಆಮೇಲೆ ನಿಲ್ಲಲು ಜಾಗವಿಲ್ಲ.
ಅವನು ಬಂದ ಆ ರಾತ್ರಿ, ರೂಢಿಯ ಮೇಲೆ,
ನಾನೂ ಒಂದು ಹರಿದಿದ್ದೆ.

ಇಷ್ಟನ್ನು ಸಭೆಯಲ್ಲಿ ಹೇಳಲಿಲ್ಲ,
ಮೆಟ್ಟಿಲಿಳಿಯುವಾಗ ಅವಳೊಬ್ಬಳಿಗೇ ಹೇಳಿದೆ.
ಅಳಿಸಿದರೆ ಗೆರೆ ಸೊನ್ನೆಯಿಂದ ಹೊರಡುತ್ತದೆ,
ಉಳಿಸಿದರೆ ಸುಳ್ಳಿನಿಂದ,
ನೀವು ಓದಿದವರು, ನೋಡಿ.

ಅವಳು ನಗಲೂ ಇಲ್ಲ, ಬರೆದುಕೊಳ್ಳಲೂ ಇಲ್ಲ.
ಮೆಟ್ಟಿಲ ಮೇಲೇ ಕೂತು ನಕ್ಷೆ ಬಿಚ್ಚಿದಳು,
ಹಳದಿ ಮುಗಿಯುವಲ್ಲಿ ಬೆರಳಿಟ್ಟಳು.
ಅದರಾಚೆ ಜಂಬಿಟ್ಟಿಗೆ, ಗೇರುಗಿಡ,
ಸರ್ವೆ ಕಲ್ಲಿನ ಮೇಲೆ ಬಿಳಿ ಸುಣ್ಣ.
ಒಂದೂ ಹೊಗೆಯಿಲ್ಲ.
'ಇಲ್ಲಿಗೆ ಈಗ ಮಷೀನಿನ ಟಿಕೆಟು, ಸರ್.
ಯಾರು ತೆಗೆಯುತ್ತಾರೆ ಮೊದಲಿನ ಎರಡು?'

ಅಭ್ಯಾಸಬಲ, ಎಡ ಜೇಬಿಗೆ ಕೈ ಹೋಯಿತು.
ಚಿಲ್ಲರೆ ಇರಲಿಲ್ಲ.