ಷರಾ

ನರ್ಸರಿಯವರು ಕೊಟ್ಟ ಫಾರಂನಲ್ಲಿ ಹನ್ನೊಂದು ಕಾಲಂ.
ತಳಿಗಿನ್ನೂ ಹೆಸರಿಲ್ಲ, ನಂಬರಿದೆ: ಹದಿನಾಲ್ಕು.
ಅಮ್ಮತ್ತಿಯ ಸೆಕೆ, ಅಮ್ಮತ್ತಿಯ ತೇವ
ಎರಡನ್ನೂ ಈ ನೆಕ್ಟರಿನ್ ತಾಳೀತೇ
ನೋಡಿ ಬರೆಯಬೇಕು ನಾನು.

ಚಳಿ: ಏಳು ಡಿಗ್ರಿಗಿಂತ ಕೆಳಗೆ ಎಷ್ಟು ಗಂಟೆ?
ಡಿಸೆಂಬರಿನಲ್ಲೂ ಹನ್ನೆರಡು ದಾಟಿ ಇಳಿಯದ ಪಾದರಸ.
ಸೊನ್ನೆ ಎಂದು ಬರೆದೆ.
ಗಿಡ ಫಾರಂ ಓದುವುದಿಲ್ಲವಲ್ಲ,
ಹೊಸವರ್ಷದ ವಾರ, ಎಲೆಗೂ ಮೊದಲೇ
ಬೋಳು ಕೊಂಬೆಯ ತುಂಬ ನಸುಗೆಂಪು ಹೂ.

ಸಿಪ್ಪೆ: ನುಣುಪು, ರೋಮವಿಲ್ಲ.
"ಕ್ಷೌರ ಮಾಡಿಸ್ಕೊಂಡ ಪೀಚು" ಎಂದಳು ಚೋಮಿ,
ಮೆಣಸಿನ ಬಳ್ಳಿಗೆ ಏಣಿ ಒರಗಿಸುತ್ತ.
ಬಣ್ಣ: ಬಿಸಿಲ ಕಡೆ ಕಡುಕೆಂಪು, ನೆರಳ ಕಡೆ ಅರಿಸಿನ.
ಎಲೆಚುಕ್ಕೆ: ಕೆಳಕೊಂಬೆಯಲ್ಲಿ ತುಸು.
ಪಕ್ಕದ ಹಳೇ ಪೀಚಿನ ಎಲೆ ಜರಡಿಯಾಗಿದೆ, ಇದರದ್ದಲ್ಲ.
ಕಾಯಿ: ನಲವತ್ತೊಂದು.

ಆಮೇಲೆ ಮಾರ್ಚ್.
ಊರಿಗೆ ಊರೇ ಕತ್ತೆತ್ತಿಕೊಂಡು ತಿರುಗುವ ತಿಂಗಳು.
ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯಲ್ಲೂ
"ನಿಮ್ಮಲ್ಲಿ ಬಂತಾ ಹೂಮಳೆ? ಎಷ್ಟು ಸೆಂಟ್?"
ನನ್ನದೂ ಮೂರೆಕರೆ ರೊಬಸ್ಟಾ
ಮೊಗ್ಗು ಕಚ್ಚಿಕೊಂಡು ಕಾಯುತ್ತಿದೆ.
ಆದರೂ ಕೈಮುಗಿದಾಗ ಒಳಗೊಂದು ಕಳ್ಳದನಿ:
ಬೇಡ, ಇನ್ನು ಹತ್ತು ದಿನ ಬೇಡ.
ಹಣ್ಣಾಗುವ ಹೊತ್ತು ನೀರು ಕುಡಿದರೆ
ಸೀಳಿಬಿಡುತ್ತದೆ ಈ ತೆಳು ಸಿಪ್ಪೆ.
ನಲವತ್ತೊಂದು ಕಾಯಿಗಾಗಿ
ಇಡೀ ಕೊಡಗಿಗೆ ಬರ ಬಯಸಿದವಳು.
ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲ.

ಬಂತು. ಇಪ್ಪತ್ತೆಂಟನೇ ತಾರೀಕು, ಸಂಜೆ, ಗುಡುಗಿನ ಜೊತೆ.
ಕಾಫಿ ಒಣಗಿಸುವ ಟಾರ್ಪಾಲು ಎಳೆದುಕೊಂಡು ಓಡಿದೆ.
ಅರ್ಧ ಮರ ಮುಚ್ಚುವಷ್ಟರಲ್ಲಿ
ಬೇಲಿಯಾಚೆಯಿಂದ ಬೊಳ್ಳಿಯಪ್ಪನ ಕೂಗು:
"ಒಂದಿಂಚು ಇಪ್ಪತ್ತು ಸೆಂಟ್! ಕುಣೀತಿದ್ದೀರಾ ಅಕ್ಕಾ?"
ಹೌದೆಂದೆ, ಹಗ್ಗ ಬಾಯಲ್ಲಿ ಕಚ್ಚಿಕೊಂಡೇ.

ಒಂಬತ್ತನೇ ದಿನ ತೋಟವೆಲ್ಲ ಬೆಳ್ಳಗೆ,
ತಲೆ ತಿರುಗುವಷ್ಟು ಘಮ.
ಆ ಬಿಳುಪಿನ ನಡುವೆ ನಿಂತು ಎಣಿಸಿದೆ:
ಸೀಳಿದ್ದು ಇಪ್ಪತ್ತಾರು, ನೊಣ ಚುಚ್ಚಿದ್ದು ಆರು,
ಲೆಕ್ಕಕ್ಕೆ ಸಿಗದ್ದು ನಾಲ್ಕು.
ಉಳಿದದ್ದು ಐದು.

ಒಂದು ಚೋಮಿಗೆ. ಕಚ್ಚಿದಳು, ಮೊಣಕೈವರೆಗೂ ರಸ.
ಹುಳಿಯೋ ಸಿಹಿಯೋ ಹೇಳು, ಬರ್ಕೋಬೇಕು ಎಂದೆ.
"ಇನ್ನೊಂದು ಕೊಟ್ರೆ ಹೇಳ್ತೀನಿ."
ಓಟೆ: ತಿರುಳು ಬಿಡುವುದಿಲ್ಲ, ಹಲ್ಲಲ್ಲೇ ಕೆರೆಯಬೇಕು.

ಕೊನೆಗೆ: ಈ ಸೀಮೆಗೆ ಒಗ್ಗುವುದೇ?
ಹೌದು, ಇಲ್ಲ. ಒಂದನ್ನು ಹೊಡೆದುಹಾಕಿ.
ಪೆನ್ನು ಹಿಡಿದು ಕೂತಿದ್ದೇನೆ,
ಎರಡನೇ ಮಳೆಗೆ ಆಗಲೇ ಮೋಡ.
ಎರಡನ್ನೂ ಹೊಡೆಯದೆ, ಷರಾ ಎಂಬಲ್ಲಿ ಬರೆದೆ:
ಟಾರ್ಪಾಲು ಹನ್ನೆರಡಡಿ ಸಾಲದು.
ಹದಿನೆಂಟು ಬೇಕು.