ಸೀತನಿಗೆ ಮೂವತ್ತೊಂದು ಮಂದಿ

ಪುಣೆಯಿಂದ ಬಂದ ಪತ್ರದಾಗ ಮೂರ ಮೂರು ಸಾಲು:
ಟೀಮ್ ಬಿಲ್ಡಿಂಗ್ ಮಾಡ್ರಿ, ಮಾರ್ಚ್ ಬರೂದ್ರೊಳಗ.
ತಲಿಗೆ ನಾಕನೂರು ರೂಪಾಯಿ.
ಫೋಟೋ ಕಳಸ್ರಿ.

ಸಾಹೇಬ್ರು ಅದನ್ನ ಮಡಚಿ
ನನ್ನ ಹಾಜರಿ ಪುಸ್ತಕದಾಗಿಟ್ಟು ಹೋದ್ರು.
ತಾರಿಹಾಳದ ಈ ವಾಲ್ವ್ ಕಾರ್ಖಾನಿಯಾಗ
ಯಾರು ಎಂಟಕ್ಕ ಬರ್ತಾರ,
ಯಾರು ಗೇಟಿನ ಹೊರಗ ಬೀಡಿ ಮುಗಿಸಿ
ಎಂಟು ಹನ್ನೆರಡಕ್ಕ,
ಎಲ್ಲಾ ಗೊತ್ತಿದ್ದಾಕಿ ನಾನೊಬ್ಬಾಕಿನ ಅಂತ.

ಉಣಕಲ್ ಕೆರಿ ಅಂದ್ರು ಪ್ಯಾಕಿಂಗಿನವ್ರು.
"ದಿನಾ ಬಸ್ಸಿನ ಕಿಡಕ್ಯಾಗ ಪುಕ್ಕಟ ಕಾಣ್ತದ,
ರೊಕ್ಕಾ ಕೊಟ್ಟು ನೋಡೂದೇನು?"
ಅಂದ್ಲು ಸುಲೋಚನಾ ಮೇಹರವಾಡೆ.
ದಾಂಡೇಲಿ ಅಂದ ಹೊಸಾ ಹುಡುಗ.
ನಾಕನೂರಕ್ಕ ದಾಂಡೇಲಿ ದಾರೀ ಬೋರ್ಡು ಕಾಣಸ್ತದ, ಅಷ್ಟ.
ಕಡೀಕ ಸ್ಟೋರಿನ ಹೊಳೆಬಸಪ್ಪ,
ವರ್ಷಕ್ಕೊಮ್ಮೆ ಬಾಯಿ ತಗಿಯಾಂವ,
"ಶಿರಗುಪ್ಪಿ ಹೊಲದಾಗ ಬಿಳಿಜ್ವಾಳ ಹಾಲು ತುಂಬ್ಯದ" ಅಂದ.
ಅಲ್ಲಿಗೆ ಜಾಗಾ ಆತು.

ತಾರೀಖು ಆಗಲಿಲ್ಲ.
ರೋಜಾ ಹಿಡಿಯೂದ್ರಕಿಂತ ಮೊದಲಾಗಬೇಕು.
ಐತವಾರಾದ್ರ ವಿಲ್ಸನ್ ಚರ್ಚ್ ಮುಗಿಸಿ ಹನ್ನೊಂದಕ್ಕ ಬರಾಂವ.
ಲಲಿತಾನ ಕೂಸಿಗೆ ಇನ್ನೂ ಹಾಲು ಬಿಟ್ಟಿಲ್ಲ,
ನಾಕರೊಳಗ ಮನಿ ಮುಟ್ಟಬೇಕು.
ನೀಲವ್ವಗ ನೆಲದಾಗ ಕೂಡ್ರಾಕ ಬರೂದಿಲ್ಲ,
ಒಂದು ಖುರ್ಚಿ, ಕೈ ಇದ್ದದ್ದು.
ಏಳು ವರ್ಷ ಇವರ ಸಹಿ ನೋಡೇನಿ,
ಮೊಣಕಾಲು ನೋಡಿರಲಿಲ್ಲ.

ಪತ್ರದ ಹಿಂದ ಆಟದ ಹೆಸರೂ ಇದ್ದುವು.
ಕಣ್ಣು ಮುಚ್ಚಿ ಹಿಂದಕ್ಕ ಬೀಳೂದು,
ಹಿಂದ ನಿಂತಾಂವ ಹಿಡಿಯೂದು.
ಅದನ್ನ ಓದಿ ಪೆನ್ನು ಕೆಳಗಿಟ್ಟೆ.

ಎರಡು ದೀಪಾವಳಿ ಹಿಂದಿನ ಮಾತು.
ಪ್ರೆಸ್ಸಿನ ಮುಂದ ಈರಪ್ಪ ಕಮ್ಮಾರ,
ಸ್ವಿಚ್ಚಿನ ಹತ್ರ ಮಕ್ತುಮಸಾಬ ನದಾಫ.
"ತಡಿ" ಅಂದಿದ್ದ ಅಂವಾ.
"ಹೊಡಿ" ಅಂತ ಕೇಳಿತ್ತು ಇಂವಗ.
ನಡುವ ಗ್ರೈಂಡರ್ ತಿರಗತಿತ್ತು.
ರಜಿಸ್ಟರಿನ್ಯಾಗ ಬರದಾಕಿ ನಾನ:
ಬಲಗೈ, ಎರಡು ಬೆರಳು.
ಕಾರಣ: ಸೂಚನಾ ಸರಿಯಾಗಿ ಕೇಳಿಸಲಿಲ್ಲ.
ಅವತ್ತಿಂದ ಇಬ್ರೂ ಚಾ ಕುಡಿಯೂದು
ಒಬ್ಬರಿಗೊಬ್ರು ಬೆನ್ನು ಕೊಟ್ಟು.

ಆ ಆಟಕ್ಕ ಗೀಟು ಹೊಡದೆ.
ಇಂವನ ಚೀಟಿ ಹಳದಿ, ಅಂವಂದು ಕೆಂಪು.
ಇಂವಗ ಮೊದಲನೇ ಟೆಂಪೊ, ಅಂವಗ ಎರಡನೇದು.
ಇಷ್ಟು ಕಾಳಜಿ ನಾನು ನನ್ನ ತಂಗಿ ಲಗ್ನದಾಗೂ ಮಾಡಿರಲಿಲ್ಲ.

ಆ ದಿನಾ
ಎರಡನೇ ಟೆಂಪೊ ಕುಸುಗಲ್ ದಾಟಿ ಪಂಕ್ಚರ್ ಆತು.
ಹಗ್ಗಜಗ್ಗಾಟದಾಗ ಸಾಹೇಬ್ರ ಬೂಟು
ಎರಿಮಣ್ಣಿನ ಬಿರುಕಿನ್ಯಾಗ ಸಿಕ್ಕೊಂಡು,
ಕೆಂಪು ಹಳದಿ ಎಲ್ಲಾ ಕೂಡಿ ಅದನ್ನ ಜಗ್ಗಿದ್ರು.
ಯಾರು ಗೆದ್ರು ಅಂತ ಯಾರೂ ಕೇಳಲಿಲ್ಲ.

ಕುಳ್ಳಿನ ಕೆಂಡದಾಗಿಂದ ತೆನಿ ತಗದ್ರು.
ಸೀತನಿ ಅಂದ್ರ ಹಂಗ ತಿನ್ನೂ ಪದಾರ್ಥ ಅಲ್ಲ,
ಸುಡೂ ಸುಡೂ ತೆನಿ ಅಂಗೈಯಾಗ ತಿಕ್ಕಬೇಕು,
ಎರಡೂ ಕೈಲೆ, ಜೋರಲೆ,
ಊದಿ ಹೊಟ್ಟು ಹಾರಿಸಬೇಕು.
ಇದು ನನ್ನ ಪಟ್ಟಿಯೊಳಗ ಇರಲಿಲ್ಲ.
ಖುರ್ಚಿ ನೆನಪಿಟ್ಟಾಕಿಗೆ ಕೈ ಮರತಿತ್ತು.

ಈರಪ್ಪ ತೆನಿ ಹಿಡದು ಕುಂತಿದ್ದ.
ಒಮ್ಮೆ ತಿಕ್ಕಿದ, ಜಾರಿತು.
ಮತ್ತೊಮ್ಮೆ ತಿಕ್ಕಲಿಲ್ಲ,
ಹಸಿವಿಲ್ಲ ಅನ್ನಾಂವನಂಗ ದೂರ ನೋಡಿದ.
ಮಕ್ತುಮಸಾಬ ಎದ್ದ.
ಖುರ್ಚಿ ದಾಟಿದ, ಬೆಂಕಿ ದಾಟಿದ,
ಅವನ ಕೈಯಾಗಿನ ತೆನಿ ತಗೊಂಡು
ತಿಕ್ಕಿದ, ಊದಿದ,
ಹಸರ ಕಾಳು ಆ ಮೂರು ಬೆರಳಿನ ಕೈಯಾಗ ಸುರವಿದ.
ಮತ್ತೊಂದು ತೆನಿ ತಗೊಂಡ.
ಇಬ್ರೂ ಏನೂ ಮಾತಾಡಲಿಲ್ಲ.
ನಾನು ಗುರೆಳ್ಳು ಹಿಂಡಿ ಕೊಡಾಕ ಹೋಗಿ
ಅರ್ಧಾ ದಾರ್ಯಾಗ ತಿರಗಿ ಬಂದೆ.

ಪುಣೆಗೆ ವರದಿ ಬರದೆ:
ಹಾಜರಿ ಮೂವತ್ತೊಂದು.
ಹಿಂಡಿ ಕಮ್ಮಿ ಬಿತ್ತು, ಮುಂದಿನ ಸಲ ಎರಡು ಕಿಲೋ.
ಪಂಕ್ಚರಿಗೆ ನೂರಾ ಐವತ್ತು, ರಸೀದಿ ಇಲ್ಲ.

ಡ್ರೈವರ್ ತಗದ ಫೋಟೋದಾಗ ಇಪ್ಪತ್ತೊಂಬತ್ತು ಮಂದಿ.
ಉಳದ ಇಬ್ರು ಎಲ್ಲಿ ಅಂತ ಪುಣೆಯವ್ರು ಕೇಳ್ಯಾರ.
ಬೋರ್‌ವೆಲ್ ಹತ್ರ ಕೈ ತೊಳಕೊಳ್ಳಾಕ ಹೋಗಿದ್ರು,
ಒಬ್ಬಾಂವ ಪಂಪ್ ಹೊಡಿಯಾಂವ, ಒಬ್ಬಾಂವ ಕೈ ಒಡ್ಡಾಂವ.
ಇನ್ನೂ ಉತ್ತರಾ ಬರದಿಲ್ಲ.